ಹಸಿರು ನೀರು, ಮೀನಿನ ಉಸಿರು

ನೀರು ಹಸಿರಾದರೆ ನಾವು "ಪಾಚಿ ಕಟ್ಟಿದೆ" ಅಂದು ಸುಮ್ಮನಾಗುತ್ತೇವೆ. ಆ ಪಾಚಿಯೇ ಮೀನಿನ ಪ್ರಾಣ ತೆಗೆಯಬಹುದು ಅನ್ನೋದು ನನಗೆ ಗೊತ್ತಾದದ್ದು ಅರಳಗುಪ್ಪೆಯ ನಮ್ಮ ತೋಟದ ಕೃಷಿ ಹೊಂಡದಿಂದ.

ಹೊಂಡಕ್ಕೆ ಅಪ್ಪ ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಆ ವರ್ಷ ತೆಂಗಿನ ಫಸಲು ಕಡಿಮೆ. ಮೀನು ಮಾರಿ ಅಕ್ಕನ ಕಾಲೇಜು ಫೀಸು ಕಟ್ಟೋದು ಅಂತ ಲೆಕ್ಕ. ಒಂದು ಜೋರು ಮಳೆಗೆ ತಿಪ್ಪೆಯ ರಸವೆಲ್ಲ ಹೊಂಡಕ್ಕೆ ಹರಿಯಿತು. ಆಮೇಲೆ ಬಿಸಿಲು ಹೊಡೆದು, ವಾರದೊಳಗೆ ನೀರು ಬಣ್ಣ ಕಲಸಿದ ಹಾಗೆ ದಟ್ಟ ಹಸಿರಾಯಿತು. ಒಂದು ದಿನ ಬೆಳಗಿನ ಜಾವ ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹೊತ್ತು ಏರುವಷ್ಟರಲ್ಲಿ ಅರ್ಧಕ್ಕರ್ಧ ಸತ್ತು ತೇಲಿದವು.

ಯಾರೋ ವಿಷ ಹಾಕಿದ್ದಾರೆ ಅಂದರು ಪಕ್ಕದ ತೋಟದವರು. ನಾನು ಸತ್ತ ಮೀನೊಂದನ್ನು ಸ್ಕೂಲಿಗೆ ತಂದೆ. ವಿಜ್ಞಾನದ ಮೇಷ್ಟ್ರು ಅದರ ಕಿವಿರನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಬಾಚಣಿಗೆ ಹಲ್ಲಿನ ಹಾಗೆ ಎಳೆಗಳು. ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಿದ್ದು, ನೀರಿನಲ್ಲಿ ಕರಗಿದ ಆಮ್ಲಜನಕ ಅವನ್ನು ದಾಟಿ ರಕ್ತಕ್ಕೆ ಸೇರುತ್ತದಂತೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯೋದಕ್ಕೂ ಆಮ್ಲಜನಕ ಖರ್ಚಾಗುತ್ತದೆ. ಅದಕ್ಕೇ ಬೆಳಗಿನ ಜಾವ ಮೀನಿಗೆ ಉಸಿರು ಕಟ್ಟುತ್ತದೆ.

ಇಷ್ಟೇ ಅಲ್ಲ. ಕೆಲವು ನೀಲಿ-ಹಸಿರು ಪಾಚಿಗಳ ವಿಷ ಕಿವಿರಿನ ಪದರವನ್ನೇ ಕೆಡಿಸುತ್ತದೆ. ಸಮುದ್ರದ ಕೆಲವು ಪಾಚಿಗಳಿಗೆ ಮುಳ್ಳು ಇರುತ್ತದೆ, ಅದು ಕಿವಿರಿಗೆ ಚುಚ್ಚಿಕೊಳ್ಳುತ್ತದೆ. ಆಗ ಪದರ ಊದಿ, ಲೋಳೆ ತುಂಬಿ, ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ದಕ್ಕೋದಿಲ್ಲ.

ದೊಡ್ಡ ಊರಿನ ಕೆರೆಗೂ ಈ ಗತಿ ತಪ್ಪಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿದ ಆ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು.

ಹಾಗಂತ ಪಾಚಿ ನಮ್ಮ ಶತ್ರು ಅಲ್ಲ. ತಿಳಿ ಹಸಿರು ನೀರು ಮೀನಿಗೆ ಊಟ. ಅದಕ್ಕೇ ಮೀನು ಸಾಕುವವರು ಹೊಂಡಕ್ಕೆ ಸ್ವಲ್ಪ ಸಗಣಿ ಹಾಕುತ್ತಾರೆ. ಅತಿಯಾದರೆ ಅಮೃತವೂ ವಿಷ. ಅಳತೆ ಸುಲಭ: ಮೊಣಕೈವರೆಗೆ ಕೈ ಮುಳುಗಿಸಿ, ಅಂಗೈ ಕಾಣದಿದ್ದರೆ ಸಗಣಿ, ಗೊಬ್ಬರ ನಿಲ್ಲಿಸಿ ಹೊಸ ನೀರು ಬಿಡಬೇಕು.

ಅಕ್ಕನ ಫೀಸು ಸಾಲ ಮಾಡಿ ಕಟ್ಟಿದ್ದಾಯಿತು. ಅಪ್ಪ ತಿಪ್ಪೆಗೂ ಹೊಂಡಕ್ಕೂ ನಡುವೆ ಬದು ಹಾಕಿದ್ದಾರೆ. ನಿಮ್ಮ ತೋಟದಲ್ಲೂ ಹೊಂಡ ಇದ್ದರೆ, ಮಳೆ ನೀರು ಯಾವ ಕಡೆಯಿಂದ ಹರಿದು ಬರುತ್ತದೆ ಅಂತ ಒಮ್ಮೆ ನೋಡಿ. ಮೀನಿಗೆ ಕೂಗೋದಕ್ಕೆ ಬರೋದಿಲ್ಲ, ನಾವೇ ನೋಡಬೇಕು.

– 9ನೇ ತರಗತಿ