ಒಡೆಯನ ಋಣ: ಹೇಮಾವತಿಯಿಂದ ರಾಯದುರ್ಗಕ್ಕೆ

ಮಡಕಶಿರಾ ಸೀಮೆಯ ಹೇಮಾವತಿ ಇಂದು ಸಣ್ಣ ಹಳ್ಳಿ. ಒಂದು ಕಾಲಕ್ಕೆ ಅದು ಹೆಂಜೇರು ಎಂಬ ಹೆಸರಿನ, ನೊಳಂಬ ಪಲ್ಲವರ ರಾಜಧಾನಿ. ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳ ಕೆತ್ತನೆಯನ್ನು ನೋಡಲು ಬಂದವರಿಗೆ ಅಲ್ಲಿ ಕನ್ನಡ ಶಾಸನಗಳೂ ಎದುರಾಗುತ್ತವೆ. ರಾಜ್ಯದ ಗಡಿ ಸರಿದಿದೆ; ಕಲ್ಲಿನ ಭಾಷೆ ಸರಿದಿಲ್ಲ.

ಆ ಕಾಲದ ಕನ್ನಡ ನಾಡಿನ ವೀರಧರ್ಮಕ್ಕೆ ಜೋಳವಾಳಿ ಎಂಬ ಹೆಸರಿತ್ತು. ಒಡೆಯನಿತ್ತ ಅನ್ನದ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವುದೇ ಅದರ ಅರ್ಥ. ಊರೂರಿನ ವೀರಗಲ್ಲುಗಳ ಹಿಂದೆ ಇರುವುದು ಈ ನಿಷ್ಠೆಯೇ. ಪಂಪನ ಕರ್ಣನು ದುರ್ಯೋಧನನನ್ನು ತೊರೆಯದಿದ್ದುದೂ ಇದರಿಂದಲೇ.

ನೊಳಂಬರು ಇಲ್ಲಿ ಆಳುತ್ತಿದ್ದಾಗ ಉತ್ತರ ಜರ್ಮನಿಯ ಸ್ಯಾಕ್ಸನ್ ಜನರಲ್ಲಿಯೂ ಇಂಥದೇ ಧರ್ಮವಿತ್ತು. ಶಾರ್ಲಮೇನ್ ದೊರೆಯು 772ರಿಂದ 804ರವರೆಗೆ ಅವರೊಡನೆ ಕಾದಾಡಿ, ಕತ್ತಿಯ ಭಯದಲ್ಲಿ ದೀಕ್ಷಾಸ್ನಾನ ಮಾಡಿಸಿದನು. ಬಲಾತ್ಕಾರದಿಂದ ಪಡೆದ ಒಪ್ಪಿಗೆಯು ನ್ಯಾಯದ ದೃಷ್ಟಿಯಲ್ಲಿ ಒಪ್ಪಿಗೆಯೇ ಅಲ್ಲ. ಕತ್ತಿಗೆ ಆಗದ ಕೆಲಸಕ್ಕೆ ಕಾವ್ಯವೊಂದು ತೊಡಗಿತು. ಸುಮಾರು 830ರಲ್ಲಿ ಹೆಸರು ತಿಳಿಯದ ಕವಿಯೊಬ್ಬನು ಯೇಸುವಿನ ಚರಿತೆಯನ್ನು ಸ್ಯಾಕ್ಸನ್ ನುಡಿಯ ಸುಮಾರು 6000 ಸಾಲುಗಳಲ್ಲಿ ಹಾಡಿದನು. ಅದೇ ‘ಹೇಲಿಯಾಂಡ್’, ರಕ್ಷಕ ಎಂದರ್ಥ. ಅದರಲ್ಲಿ ಬೆತ್ಲೆಹೇಮ್ ಒಂದು ಕೋಟೆ, ಕುರುಬರು ಕುದುರೆಗಾವಲಿನವರು, ಶಿಷ್ಯರು ಆಳ್ತನದ ವೀರರು. ಒಡೆಯನೊಡನೆ ಸಾಯುವುದೇ ಆಳಿಗೆ ಕೀರ್ತಿಯೆಂದು ತೋಮನು ಹೇಳುವಲ್ಲಿ ಜೋಳವಾಳಿಯ ದನಿಯೇ ಕೇಳಿಸುತ್ತದೆ. ಪೇತ್ರನು ಕತ್ತಿ ಹಿರಿಯುವ ಪ್ರಸಂಗವನ್ನಂತೂ ಕವಿ ಮೈಮರೆತು ವರ್ಣಿಸುತ್ತಾನೆ. ಆದರೂ ಕತ್ತಿಯನ್ನು ಒರೆಗೆ ಸೇರಿಸೆಂಬ ಯೇಸುವಿನ ಆಜ್ಞೆಯನ್ನು ಅವನು ಬಿಟ್ಟಿಲ್ಲ. ಯುದ್ಧಪ್ರಿಯ ಜನರಿಗೆ ಆ ಮಾತನ್ನು ಮುಟ್ಟಿಸಿದ್ದೇ ಅವನ ನಿಜವಾದ ಸಾಹಸ.

ಮಡಕಶಿರಾದಿಂದ ಉತ್ತರಕ್ಕೆ, ಬೆಟ್ಟದ ಕೋಟೆಯ ಕೆಳಗಿನ ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರಲ್ಲಿ ಕನ್ನಡದ ಸಂಪೂರ್ಣ ಬೈಬಲ್ ಸಿದ್ಧವಾಯಿತು. ಅದು ಗದ್ಯ. ಸ್ಯಾಕ್ಸನ್ ಕವಿಯಂತೆ ನಾಡಿನ ಛಂದಸ್ಸಿನಲ್ಲಿ ಯೇಸುವಿನ ಕಥೆಯನ್ನು ಕಟ್ಟಿದವರು ಫರ್ಡಿನೆಂಡ್ ಕಿಟೆಲ್. ಅವರ ‘ಕಥಾಮಾಲೆ’ ಹೊರಬಂದದ್ದು 1862ರಲ್ಲಿ. ನಿಘಂಟಿನ ಕಿಟೆಲ್ಲರನ್ನು ಮಕ್ಕಳೂ ಬಲ್ಲರು. ಈ ಕಾವ್ಯವನ್ನು ಬಲ್ಲವರು ವಿರಳ. ಅವರು ಹುಟ್ಟಿದ ಪೂರ್ವ ಫ್ರಿಸಿಯಾ ಹಳೆಯ ಸ್ಯಾಕ್ಸನ್ ನಾಡಿನ ಮಗ್ಗುಲಿನದೇ.

ಸ್ಯಾಕ್ಸನ್ ಕವಿಯು ಯೇಸುವನ್ನು ಕರೆದದ್ದು ದಂಡಿನ ನಾಯಕನಿಗೆ ಸಲ್ಲುತ್ತಿದ್ದ ‘ದ್ರೋಹ್ತಿನ್’ ಎಂಬ ಪದದಿಂದ. ಕನ್ನಡ ಬೈಬಲ್ಲಿನಲ್ಲಿ ನೆಲೆನಿಂತದ್ದು ‘ಕರ್ತ’, ತೆಲುಗಿನಲ್ಲಿ ‘ಪ್ರಭುವು’. ರಾಯದುರ್ಗದಂಥ ಎರಡು ನುಡಿಗಳ ಊರಿನಲ್ಲಿ ಈ ಎರಡು ಪದಗಳಿಗೆ ಒಂದು ಬೀದಿಯಷ್ಟೇ ಅಂತರ.