ಗಾಜು ಹೊಸತು, ಪಟ್ಟಿ ಹಳೆಯದು

ಕಾರಿನ ಮುಂದಿನ ಗಾಜಿನ ಅಂಚಿಗೆ ಒಂದು ಕಪ್ಪು ಪಟ್ಟಿ ಇರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಬೀಡಿಂಗ್. ಬೆರಳಗಲದ ಈ ರಬ್ಬರ್ ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ಕಾರು ಕೊಳ್ಳುವಾಗ ಯಾರೂ ನೋಡುವುದಿಲ್ಲ. ಬಣ್ಣ ನೋಡುತ್ತಾರೆ, ಮೈಲೇಜು ಕೇಳುತ್ತಾರೆ, ಸೀಟಿನ ಮೇಲೆ ಕೈಯಾಡಿಸುತ್ತಾರೆ. ಗಾಜು ಒಡೆದು ಹೊಸದು ಹಾಕಿಸಿದ ಮೇಲೆಯೇ ಪಟ್ಟಿಯ ಇರುವಿಕೆ ಗೊತ್ತಾಗುವುದು. ಅದೂ ಕಣ್ಣಿಗಿಂತ ಮೊದಲು ಕಿವಿಗೆ. ಕಾರು ವೇಗ ಹಿಡಿದೊಡನೆ ಎಲ್ಲಿಂದಲೋ ಸಣ್ಣದೊಂದು ಸಿಳ್ಳು ಕೇಳತೊಡಗುತ್ತದೆ.

ಲಿಂಗದಹಳ್ಳಿಯಲ್ಲಿ ಗಾಜು ಒಡೆಯಲು ಕಾರಣಗಳಿಗೇನೂ ಬರವಿಲ್ಲ. ತರೀಕೆರೆಯಿಂದ ಬಂದ ರಸ್ತೆ ಇಲ್ಲಿಂದ ಮುಂದೆ ಕಲ್ಲತ್ತಿಗಿರಿಯ ಮೇಲೆ ಹಾದು, 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುತ್ತದೆ. ಮುಂದೆ ಜಲ್ಲಿ ಹೊತ್ತ ಲಾರಿ, ಹಿಂದೆ ಅವಸರದ ಪ್ರವಾಸಿಗರ ಕಾರು. ಲಾರಿಯ ಟೈರಿನಡಿಯಿಂದ ಸಿಡಿದ ಕಡಲೆಕಾಳಿನಷ್ಟು ಕಲ್ಲು ಸಾಕು, ಗಾಜಿನ ಮೇಲೆ ಜೇಡ ಬಲೆ ನೇಯ್ದಂತೆ ಬಿರುಕು ಮೂಡುತ್ತದೆ. ಚೂರಾಗಿ ಮೈಮೇಲೆ ಬೀಳುವುದಿಲ್ಲ ಎಂಬುದು ನಮ್ಮ ಪುಣ್ಯ. ಮುಂದಿನ ಗಾಜು ನಿಜವಾಗಿ ಒಂದು ಗಾಜಲ್ಲ. ಎರಡು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಇಟ್ಟು ಬೆಸೆದಿರುತ್ತಾರೆ. 1903ರಲ್ಲಿ ಫ್ರಾನ್ಸಿನ ಎಡುವಾರ್ ಬೆನೆಡಿಕ್ಟಸ್ ಎಂಬಾತನ ಕೈಯಿಂದ ಜಾರಿದ ಫ್ಲಾಸ್ಕು ಬಿರುಕು ಬಿಟ್ಟರೂ ಚದುರದೆ ನಿಂತಿತಂತೆ. ಅದರೊಳಗೆ ಮೊದಲು ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ಒಳಗೋಡೆಗೆ ಪೊರೆಯಾಗಿ ಅಂಟಿಕೊಂಡಿತ್ತು. 1909ರಲ್ಲಿ ಆತ ಪೇಟೆಂಟ್ ಪಡೆದ. ಪ್ರಯೋಗಶಾಲೆಯಲ್ಲಿ ಗಾಜು ಬೀಳಿಸಿದ ಮಕ್ಕಳಿಗೆ ಸಿಗುವುದು ಬೈಗುಳ ಮಾತ್ರ, ಅದು ಬೇರೆ ಮಾತು.

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಗಾಜನ್ನು ಹಿಡಿದಿಡುತ್ತಿದ್ದುದೇ ರಬ್ಬರ್ ಬೀಡಿಂಗ್. ಬೀಡಿಂಗ್‌ನ ಗಾಡಿಯಲ್ಲಿ ಹಗ್ಗ ಕೂರಿಸಿ, ಸೋಪಿನ ನೀರು ಸವರಿ, ಒಬ್ಬ ಹೊರಗಿನಿಂದ ಗಾಜು ಒತ್ತುತ್ತಿದ್ದರೆ ಇನ್ನೊಬ್ಬ ಒಳಗೆ ಕುಳಿತು ಹಗ್ಗ ಎಳೆಯುತ್ತಿದ್ದ. ರಬ್ಬರಿನ ತುಟಿ ಮೆಲ್ಲಗೆ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತಿತ್ತು. ನೋಡಲು ಸೊಗಸಾದ ಕೆಲಸ. ಈಗಿನ ಕಾರುಗಳಲ್ಲಿ ಹಾಗಲ್ಲ. ಗಾಜನ್ನು ಹಿಡಿದಿರುವುದು ಪಾಲಿಯುರೆಥೇನ್ ಎಂಬ ಕಪ್ಪು ಅಂಟು. ಪಟ್ಟಿ ಇರುವುದು ಗಾಜಿಗೂ ತಗಡಿಗೂ ನಡುವಿನ ಸಂದನ್ನು ಮುಚ್ಚಲು, ಗಾಳಿಯನ್ನು ನಯವಾಗಿ ಸಾಗಹಾಕಲು, ಕಸಕಡ್ಡಿ ತಡೆಯಲು. ಆದ್ದರಿಂದಲೇ ಪಟ್ಟಿ ಎದ್ದರೆ ‘ಅಂದಕ್ಕಿದ್ದದ್ದು, ಹೋದರೆ ಹೋಗಲಿ’ ಎನ್ನುವವರಿದ್ದಾರೆ. ಅವರು ಅರ್ಧ ಸರಿ. ಪಟ್ಟಿ ಏಕೆ ಎದ್ದಿತು ಎಂದು ಕೇಳದಿರುವುದು ಉಳಿದರ್ಧ.

ಲಿಂಗದಹಳ್ಳಿಯಲ್ಲಿ ಬಾಡಿಗೆಗೆ ಕಾರು ಓಡಿಸುವ ಒಬ್ಬರಿದ್ದಾರೆ. ಇರುವುದು ಒಂದೇ ಕಾರು, ಅದೂ ಸೆಕೆಂಡ್ ಹ್ಯಾಂಡ್. ಮನೆ ನಡೆಯುವುದು, ಮಗಳ ಪಿಯುಸಿ ಓದು ಸಾಗುವುದು ಎರಡೂ ಅದರ ಚಕ್ರದ ಮೇಲೆ. ಬೇಸಿಗೆಯ ಕೊನೆಯಲ್ಲಿ ಗಾಜಿಗೆ ಕಲ್ಲು ಬಡಿಯಿತು. ಪೇಟೆಯ ಅಂಗಡಿಯೊಂದರಲ್ಲಿ ಬೇಗನೆ ಹೊಸ ಗಾಜು ಕೂರಿಸಿ ಕಳಿಸಿದರು. ಬೀಡಿಂಗ್ ಮಾತ್ರ ಹಳೆಯದೇ. ಬದಲಿಸಬೇಕು ಎಂದು ಅಂಗಡಿಯವನು ಹೇಳಲಿಲ್ಲ, ಕೇಳಬೇಕು ಎಂದು ಇವರಿಗೂ ಹೊಳೆಯಲಿಲ್ಲ. ಎರಡು ವಾರದಲ್ಲಿ ಸಿಳ್ಳು ಶುರುವಾಯಿತು. ಇಳಿದು ನೋಡಿದರೆ ಎಡಗಡೆಯ ಮೇಲಿನ ಮೂಲೆಯಲ್ಲಿ ಪಟ್ಟಿ ಬಾಯಿ ಬಿಟ್ಟಿತ್ತು. ಅಂಗಡಿಗೆ ಫೋನು ಮಾಡಿದರು.

“ಬೀಡಿಂಗ್ ತಾನೇ ಅಣ್ಣಾ? ಸ್ವಲ್ಪ ಗಮ್ ಹಾಕಿ ಒತ್ತಿಬಿಡಿ, ಸರಿಹೋಗುತ್ತೆ” ಎಂಬ ಉತ್ತರ ಬಂತು.

ಹಳೆಯ ಪಟ್ಟಿ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ಲೆಕ್ಕ ಸುಲಭ, ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಬಿಸಿಲಿಗೆ ಗಾಜು ಡಿಗ್ರಿಯೊಂದಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 9 ಭಾಗದಷ್ಟು ಹಿಗ್ಗುತ್ತದೆ, ಉಕ್ಕು 12 ಭಾಗದಷ್ಟು. ಪ್ಲಾಸ್ಟಿಕ್ಕುಗಳು ಬಗೆಯನ್ನು ಅನುಸರಿಸಿ 50ರಿಂದ 100 ಭಾಗ, ಇನ್ನೂ ಹೆಚ್ಚೂ ಉಂಟು. ಗಾಜಿನ ಮೇಲಂಚು 1.4 ಮೀಟರ್ ಎಂದಿಟ್ಟುಕೊಳ್ಳಿ. ನಡುಹಗಲ ಬಿಸಿಲಿಗೂ ಗಿರಿಯ ತಪ್ಪಲಿನ ಬೆಳಗಿನ ಚಳಿಗೂ ಕಾರಿನ ಮೈ ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸವಿದ್ದರೆ ಗಾಜು ಅರ್ಧ ಮಿಲಿಮೀಟರ್ ಅಲುಗುತ್ತದೆ, ಪಟ್ಟಿ ಮೂರರಿಂದ ಐದೂವರೆ ಮಿಲಿಮೀಟರ್ ಅಲುಗಲು ಹವಣಿಸುತ್ತದೆ. ದಿನವೂ ಈ ಜಗ್ಗಾಟ. ಇದರ ಜೊತೆಗೆ ವರ್ಷಗಳ ಬಿಸಿಲು ಪಟ್ಟಿಯ ಮೆದುತನವನ್ನು ಹೀರಿ ಅದನ್ನು ಗಿಡ್ಡವಾಗಿಸಿರುತ್ತದೆ. ಕಿತ್ತ ಪಟ್ಟಿಯನ್ನು ಎಳೆದು ಹಿಗ್ಗಿಸಿ ಮೂಲೆಗೆ ಮುಟ್ಟಿಸಿದರೆ ಆ ದಿನಕ್ಕೆ ಸರಿ. ನಾಲ್ಕು ದಿನದಲ್ಲಿ ಅದು ತನ್ನ ಉದ್ದಕ್ಕೆ ಮರಳುತ್ತದೆ.

ಇನ್ನು ಗಾಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ 30 ಕಿಲೋ ತೂಕ ಹೇರಿದಷ್ಟು. 40ರಲ್ಲಿ ಇದರ ಕಾಲು ಭಾಗ ಮಾತ್ರ. ಏಕೆಂದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಾಜನ್ನು ಏರಿ ಛಾವಣಿಯತ್ತ ತಿರುಗುವಲ್ಲಿ ಗಾಳಿ ರಭಸ ಪಡೆಯುತ್ತದೆ, ಅಲ್ಲಿ ಒತ್ತಡ ಕುಸಿದು ಪಟ್ಟಿಯನ್ನು ಮೇಲಕ್ಕೆ ಹೀರುತ್ತದೆ. ಊರೊಳಗೆ ಸುಮ್ಮನಿದ್ದ ಪಟ್ಟಿ ಹೆದ್ದಾರಿಯಲ್ಲಿ ಸಿಳ್ಳು ಹಾಕುವ ಗುಟ್ಟು ಇಷ್ಟೇ.

ಚಾಲಕರು ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕೋನ್ ಟ್ಯೂಬು ತಂದು ಪಟ್ಟಿಯ ಕೆಳಗೆ ಧಾರಾಳವಾಗಿ ತುಂಬಿ ಒತ್ತಿದರು. ಮರುದಿನ ಕಾಲೇಜಿಗೆಂದು ಕಾರು ಹತ್ತಿದ ಮಗಳು ಮೂಗು ಸಿಂಡರಿಸಿದಳು.

“ಅಪ್ಪ, ಕಾರೊಳಗೆ ಕೂತು ಗೋಬಿ ಮಂಚೂರಿ ತಿಂದ್ಯಾ?”

“ಎಲ್ಲಿ ಗೋಬಿ? ಬೀಡಿಂಗಿಗೆ ಹಾಕಿದ ಗಮ್ಮು ಕಣೆ ಅದು.”

ಗೋಬಿ ಗಾಡಿಯ ಬಳಿ ಮೂಗಿಗೆ ಬಡಿಯುವ ವಿನೆಗರ್ ವಾಸನೆಯೇ ಅದು. ಮನೆಗೆಲಸಕ್ಕೆ ಮಾರುವ ಸಿಲಿಕೋನ್‌ಗಳಲ್ಲಿ ಅನೇಕವು ಗಾಳಿಯ ತೇವ ಹೀರಿ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತವೆ. ಬಚ್ಚಲಿನ ಟೈಲ್ಸಿಗೆ ತೊಂದರೆಯಿಲ್ಲ. ಆದರೆ ಗಾಜು ಕೂರುವ ತಗಡಿನ ಅಂಚಿನಲ್ಲಿ, ಹಳೆಯ ಗಾಜು ಕತ್ತರಿಸಿ ತೆಗೆಯುವಾಗ ಬಣ್ಣ ಕೆರೆದುಹೋಗಿದ್ದರೆ, ಆಮ್ಲ ನೇರವಾಗಿ ಉಕ್ಕಿಗೇ ತಾಗುತ್ತದೆ. ಇನ್ನೊಂದು ತಾಪತ್ರಯವೆಂದರೆ, ಸಿಲಿಕೋನ್ ಅಂಟಿದ ಜಾಗಕ್ಕೆ ಮುಂದೆ ಪಾಲಿಯುರೆಥೇನ್ ಸರಿಯಾಗಿ ಹಿಡಿಯುವುದಿಲ್ಲ. ಬಿಟ್ಟ ಬಾಯಿ ಮುಚ್ಚಲು ಹಾಕಿದ್ದು ಮುಂದಿನ ದುರಸ್ತಿಗೇ ಅಡ್ಡಗಾಲು.

ಕೆಮ್ಮಣ್ಣುಗುಂಡಿಯ ತಪ್ಪಲಿನವರಿಗೆ ತುಕ್ಕಿನ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಆ ಬೆಟ್ಟದ ಕೆಂಪು ಮಣ್ಣೆಂದರೆ ಕಬ್ಬಿಣದ ಆಕ್ಸೈಡು. 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇಲ್ಲಿಂದಲೇ. ಅದಿರಿನಿಂದ ಆಮ್ಲಜನಕವನ್ನು ಬಿಡಿಸಲು ಕುಲುಮೆ ಉರಿಸಬೇಕು. ಆಮ್ಲಜನಕ ಮತ್ತೆ ಬಂದು ಸೇರಿಕೊಳ್ಳಲು ಪಟ್ಟಿಯಡಿ ನಿಂತ ಒಂದಿಷ್ಟು ನೀರು ಸಾಕು. ಕಾರಿನ ತಗಡು ಸದ್ದಿಲ್ಲದೆ ಕೆಮ್ಮಣ್ಣಾಗುತ್ತದೆ.

ಜೂನ್ ಮಳೆ ಹಿಡಿದ ಮೇಲೆ ಎಡಗಡೆಯ ಕಾಲಡಿಯ ಮ್ಯಾಟು ಒದ್ದೆಯಾಗತೊಡಗಿತು. ಅಪ್ಪನಿಗೆ ಅನುಮಾನ ಗಾಜಿನ ಮೇಲೆ. ಮಗಳು ಮೊದಲು ವೈಪರ್ ಬುಡದ ಪ್ಲಾಸ್ಟಿಕ್ ಮುಚ್ಚಳದ ಸಂದಿಗೆ ಕೈ ಹಾಕಿದಳು. ಒಂದು ಬೊಗಸೆ ಸಿಲ್ವರ್ ಓಕ್ ಎಲೆ ಬಂತು. ಕಾಫಿ ತೋಟದ ನೆರಳಿನಲ್ಲಿ ನಿಲ್ಲುವ ಕಾರುಗಳಿಗೆಲ್ಲ ಇದೇ ಕಾಟ. ಎಲೆ ಕೊಳೆತು ನೀರು ಹರಿಯುವ ತೂತು ಕಟ್ಟಿಕೊಂಡರೆ, ನೀರು ಕಾರಿನೊಳಗೇ ದಾರಿ ಹುಡುಕುತ್ತದೆ. ಎಷ್ಟೋ ಬಾರಿ ಗಾಜು ಹಾಕಿದವನು ಸುಮ್ಮನೆ ಬೈಸಿಕೊಳ್ಳುವುದು ಹೀಗೆ. ಎಲೆ ತೆಗೆದರು. ಮ್ಯಾಟು ಮತ್ತೂ ಒದ್ದೆಯಾಯಿತು.

ಭಾನುವಾರ ಮಳೆ ಬಿಡುವು ಕೊಟ್ಟಾಗ ಇಬ್ಬರೂ ಅಂಗಳದಲ್ಲೇ ಪರೀಕ್ಷೆ ಮಾಡಿದರು. ಬಾಗಿಲು, ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಳಬರುವಂತೆ ಗುಂಡಿ ತಿರುಗಿಸಿ, ಕಾರಿನ ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟರು. ಒಳಗೆ ಗಾಳಿಯ ಒತ್ತಡ ತುಸು ಏರುತ್ತದೆ. ಹೊರಗೆ ಅಂಚಿನುದ್ದಕ್ಕೂ ಸೋಪಿನ ನೀರು ಸವರಿದರು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಉಪಾಯವೇ, ಪಾತ್ರೆ ದೊಡ್ಡದು ಅಷ್ಟೆ. ಎಡ ಮೂಲೆಯಲ್ಲಿ ಸಿಲಿಕೋನ್ ಮುಗಿಯುವಲ್ಲಿಂದ ನಾಲ್ಕು ಬೆರಳು ಆಚೆ ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

“ಪಟ್ಟಿ ಅಲ್ಲಪ್ಪ, ಒಳಗಿನ ಅಂಟೇ ಅಲ್ಲಿ ಇಲ್ಲ” ಎಂದಳು ಮಗಳು.

ಅವರು ಮಾತಾಡಲಿಲ್ಲ. ಎಡಗಡೆಯ ಸೀಟಿನಲ್ಲಿ ದಿನವೂ ಕೂರುವವಳು ಇವಳೇ.

ಮುಂದಿನ ಗಾಜು ಬರೀ ಕಿಟಕಿಯಲ್ಲ. 2021ರಲ್ಲಿ ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಅನೇಕ ಕಾರುಗಳಲ್ಲಿ ಈ ಚೀಲ ಡ್ಯಾಶ್‌ಬೋರ್ಡಿನಿಂದ ಸಿಡಿದು, ಗಾಜಿಗೆ ಬಡಿದು, ಅದನ್ನೇ ಬೆನ್ನಾಸರೆ ಮಾಡಿಕೊಂಡು ಪ್ರಯಾಣಿಕರ ಕಡೆಗೆ ಉಬ್ಬುತ್ತದೆ. ಕಾರು ಮಗುಚಿದರೆ ಛಾವಣಿ ಕುಸಿಯದಂತೆ ಆತುಕೊಳ್ಳುವುದರಲ್ಲೂ ಗಾಜಿಗೆ ಪಾಲಿದೆ. ಅಂಟು ಬಿಟ್ಟ ಗಾಜು ಈ ಎರಡೂ ಕೆಲಸಕ್ಕೆ ಒದಗುವುದಿಲ್ಲ. ಮೇಲಿನ ಪಟ್ಟಿ ನೆಟ್ಟಗೆ ಕೂತಿದ್ದರೆ ಒಳಗಿನ ಈ ಕೊರತೆ ಯಾರಿಗೂ ಕಾಣುತ್ತಿರಲಿಲ್ಲ. ಒಂದು ಲೆಕ್ಕದಲ್ಲಿ ಹಳೆಯ ಪಟ್ಟಿ ಎದ್ದದ್ದೇ ಒಳ್ಳೆಯದಾಯಿತು.

ಈ ಸಲ ಬೇರೊಂದು ಊರಿನ ಹಿರಿಯ ಕೆಲಸಗಾರರ ಬಳಿ ಹೋದರು. ಅವರು ತಂತಿಯಿಂದ ಅಂಟು ಕೊಯ್ದು ಗಾಜು ಎತ್ತಿದಾಗ ಮೂಲೆಯಲ್ಲಿ ಅಂಟಿನ ಎಳೆ ಗೇಣುದ್ದ ತುಂಡಾಗಿತ್ತು. ಕೆಳಗಿನ ತಗಡಿನಲ್ಲಿ ಕೆರೆದ ಗೀರು, ಗೀರಿನುದ್ದಕ್ಕೂ ಕೆಂಪು. ಸಿಲಿಕೋನನ್ನು ಕೆರೆದು ತೆಗೆಯುವುದಕ್ಕೇ ಗಾಜು ಕೂರಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ತುಕ್ಕು ಉಜ್ಜಿ, ಪ್ರೈಮರ್ ಬಳಿದು, ಅದು ಒಣಗುವ ತನಕ ಕಾದರು. ತಗಡಿನ ಮೇಲೆ ಗಟ್ಟಿಯಾಗಿ ಹಿಡಿದಿದ್ದ ಹಳೆಯ ಅಂಟನ್ನು ಪೂರ್ತಿ ಕೀಳದೆ ಒಂದೆರಡು ಮಿಲಿಮೀಟರ್ ಉಳಿಸಿಕೊಂಡರು. ಹೊಸ ಅಂಟಿಗೆ ಅದೇ ಒಳ್ಳೆಯ ನೆಲೆ. ಹೊಸ ಬೀಡಿಂಗನ್ನು ಎಳೆಯದೆ, ನಡುವಿನಿಂದ ಎರಡೂ ಕಡೆಗೆ ಒತ್ತುತ್ತ ಹೋದರು. ಹಳೆಯದನ್ನು ಪಕ್ಕಕ್ಕಿಟ್ಟು ನೋಡಿದರೆ ಒಂದೂವರೆ ಬೆರಳು ಗಿಡ್ಡ.

“ಮಳೆಗಾಲದಲ್ಲಿ ಅಂಟು ಒಣಗುತ್ತಾ?” ಎಂದು ಚಾಲಕರು ಕೇಳಿದರು.

“ಇದು ಒಣಗೋ ಅಂಟಲ್ಲ ಯಜಮಾನ್ರೆ, ಗಾಳೀಲಿರೋ ತೇವ ಕುಡಿದೇ ಗಟ್ಟಿಯಾಗೋದು. ಅಂಟು ಹಾಕೋ ಜಾಗ ಮಾತ್ರ ಒದ್ದೆ ಇರಬಾರದು. ಚಳಿ ಇದ್ರೆ ಸ್ವಲ್ಪ ತಡ, ಅಷ್ಟೆ.”

ಅಂಟಿನ ಟ್ಯೂಬಿನ ಮೇಲೆ ಎಷ್ಟು ಹೊತ್ತು ಕಾರು ಓಡಿಸಬಾರದು ಎಂದು ಅಚ್ಚಾಗಿರುತ್ತದೆ. ಬಗೆಯಿಂದ ಬಗೆಗೆ ಅದು ಬೇರೆ. ಕೆಲವಕ್ಕೆ ಒಂದೇ ಗಂಟೆ, ಕೆಲವಕ್ಕೆ ಬಹಳ ಹೊತ್ತು. ಮಗಳು ಅದನ್ನು ಓದಿ ಬಿಲ್ಲಿನ ಹಿಂದೆ ಗಂಟೆ ಬರೆಸಿಕೊಂಡಳು. ಕಿಟಕಿಗಳನ್ನು ಎರಡು ಬೆರಳು ಇಳಿಸಿರಿ, ಬಾಗಿಲನ್ನು ಧಡಾರನೆ ಹಾಕಬೇಡಿ ಎಂದೂ ಹಿರಿಯರು ಹೇಳಿದರು. ಮುಚ್ಚಿದ ಕಾರಿನ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟಿನ ಮೇಲಿನ ಗಾಜನ್ನು ಹೊರಕ್ಕೆ ದೂಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ತರೀಕೆರೆಗೆ ಬಂದಿಳಿದ ಬೆಂಗಳೂರಿನ ಕುಟುಂಬವೊಂದಕ್ಕೆ ಈಗಲೇ ಕೆಮ್ಮಣ್ಣುಗುಂಡಿಗೆ ಹೋಗಬೇಕಿತ್ತು, ಮಾತಿಗಿಂತ ಐನೂರು ರೂಪಾಯಿ ಹೆಚ್ಚು ಕೊಡುತ್ತಾರಂತೆ. ಚಾಲಕರು ಬಿಲ್ಲಿನ ಹಿಂಬದಿ ನೋಡಿದರು. ಇನ್ನೂ ಮೂರು ಗಂಟೆ ಬಾಕಿ ಇತ್ತು.

“ಇವತ್ತು ಆಗಲ್ಲ ಸಾರ್, ಬೇರೆ ಗಾಡಿ ನೋಡಿ” ಎಂದು ಫೋನಿಟ್ಟು, ಎದುರಿನ ಹೋಟೆಲಿನಲ್ಲಿ ಮಗಳಿಗೂ ತಮಗೂ ಎರಡು ಕಾಫಿ ಹೇಳಿದರು.