ಎರಡೂವರೆ ಸೂತಿನ ಸ್ಟಡ್ಡು

ರಾಣೇಬೆನ್ನೂರು ಕಡೆಯ ಕುಪ್ಪೇಲೂರಿನಂಥ ಹಳ್ಳಿಯಲ್ಲಿ ಹಳೆಯ ಅಂಬಾಸಡರ್ ಇಟ್ಟುಕೊಂಡವರನ್ನು ಇಂಜಿನ್ನಿನ ದೊಡ್ಡ ಕೆಲಸಗಳು ಅಷ್ಟಾಗಿ ಕಾಡುವುದಿಲ್ಲ. ಪಿಸ್ಟನ್ನು, ರಿಂಗು, ಬೇರಿಂಗು ಬೇಕೆಂದರೆ ರಾಣೇಬೆನ್ನೂರಿನಲ್ಲಿ ಸಿಗದಿದ್ದರೂ ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ವಿಚಾರಿಸಬಹುದು, ಅವುಗಳಿಗೆ ಹೆಸರಿದೆ, ಪೆಟ್ಟಿಗೆಯ ಮೇಲೆ ನಂಬರಿದೆ. ಕಾಡುವುದು ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಹಿಡಿಯುವ ಸಣ್ಣ ಸ್ಟಡ್ಡು ಮತ್ತು ಅದರ ನಟ್ಟು. ಒಂದು ಮುರಿದರೂ ಆ ಸಂದಿಯಿಂದ ಹೊಗೆ ಸೋರುತ್ತದೆ, ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಬರಲು ದಾರಿಯಾಗುತ್ತದೆ. ಗ್ಯಾರೇಜಿನಲ್ಲಿ ಡಬ್ಬಿಯನ್ನು ಸುರಿದು, ಕೈಗೆ ಸಿಕ್ಕಿದ್ದರಲ್ಲಿ ಯಾವುದು ಕೂತಿತೋ ಅದನ್ನು ಬಿಗಿದು ಕಳಿಸುವುದು ರೂಢಿ. ಈ ರೂಢಿ ಬಿಡಬೇಕು ಎಂಬುದೇ ನನ್ನ ವಾದ. ಸರಿಯಾದ ಸ್ಟಡ್ಡು ಯಾವುದೆಂದು ಕಾರಿನ ಹೆಸರು ಹೇಳಲಾರದು, ಕೈಗೆ ಕೂತಿತೆಂಬುದೂ ಹೇಳಲಾರದು. ತೂತಿನ ಥ್ರೆಡ್ಡನ್ನು ಅಳೆದು, ಸ್ಟಡ್ಡು ತಿನ್ನುವ ಬಿಸಿಯನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಅದು ತಿಳಿಯುತ್ತದೆ.

ಮೊದಲು ಅಳತೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಸತೊಡಗಿದ್ದು 1958ರ ಸುಮಾರಿಗೆ. ಅದೇ ವರ್ಷ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಮೆಟ್ರಿಕ್ ತೂಕ-ಅಳತೆ ಜಾರಿಗೆ ಬರತೊಡಗಿತು. ದೇಶ ಮಿಲಿಮೀಟರಿಗೆ ಹೊರಳುತ್ತಿದ್ದಾಗಲೇ ಬೀದಿಗಿಳಿದ ಈ ಕಾರಿನ ಬ್ರಿಟಿಷ್ ಕಂಪನಿ ಬಿಎಂಸಿಯ 1489 ಸಿಸಿ ಇಂಜಿನ್ನಿನಲ್ಲಿ ಇದ್ದದ್ದು ಇಂಚಿನ ಥ್ರೆಡ್ಡು. ಬ್ರಿಟನ್, ಅಮೆರಿಕ, ಕೆನಡಾ ಮೂರೂ ಸೇರಿ 1948ರಲ್ಲಿ ಒಪ್ಪಿಕೊಂಡ ಯುನಿಫೈಡ್ ಪದ್ಧತಿಯದು. ಅಂಗಡಿಯಲ್ಲಿ ‘ಎರಡೂವರೆ ಸೂತಿಂದು ಕೊಡ್ರಿ’ ಎಂದು ಕೇಳುತ್ತಾರಲ್ಲ, ಅದು 5/16 ಇಂಚು, ಅಂದರೆ 7.94 ಮಿ.ಮೀ. ಇವತ್ತು ಎಲ್ಲೆಲ್ಲೂ ಸಿಗುವ ಎಂ8 ಬೋಲ್ಟು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ, ಬೆರಳಿಗೂ ಒಂದೇ. ಆದರೆ ಯುನಿಫೈಡ್ ಪದ್ಧತಿಯ ಸಣ್ಣ ಬಗೆಯಾದ 5/16 ಯುಎನ್‌ಎಫ್ ಥ್ರೆಡ್ಡಿನಲ್ಲಿ ಇಂಚಿಗೆ 24 ಸುತ್ತು, ಸುತ್ತಿಗೆ 1.06 ಮಿ.ಮೀ.; ಸಾಮಾನ್ಯ ಎಂ8ರಲ್ಲಿ ಸುತ್ತಿಗೆ 1.25. ಎಂ8ರಲ್ಲೇ ಸುತ್ತಿಗೆ 1 ಮಿ.ಮೀ. ಇರುವ ಸಣ್ಣ ಥ್ರೆಡ್ಡಿನದೂ ಉಂಟು, ಹೆಚ್ಚು ಮೋಸ ಮಾಡುವುದು ಅದೇ. ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಹತ್ತು ಸುತ್ತಿಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬೀಳುವುದರಿಂದ ಆ ಬಿಗಿ ಸರಿಯಾಗಿ ಕೂತ ಬಿಗಿಯಲ್ಲ, ಬೀಡು ಕಬ್ಬಿಣದ ಥ್ರೆಡ್ಡು ಕಿತ್ತುಬರುವ ಬಿಗಿ. ಪಾನಾದ ಕತೆಯೂ ಹೀಗೆಯೇ. ಈ ನಟ್ಟಿನ ಅಗಲ ಅರ್ಧ ಇಂಚು, 12.7 ಮಿ.ಮೀ. 13ರ ಪಾನಾ ಹಾಕಿ ತಿರುಗಿಸಿದರೆ ತುಕ್ಕು ಹಿಡಿದ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಮುಂದೆ ಚಾಣ ಹಚ್ಚದೆ ಬಿಚ್ಚುವ ಹಾಗಿಲ್ಲ.

‘ಅಂಬಾಸಡರ್ ಸ್ಟಡ್ಡು ಕೊಡಿ’ ಎಂದರೆ ಸಾಲದೇ ಎಂದು ಕೇಳಬಹುದು. ಸಾಲದು. 2014ರವರೆಗೆ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಬಂದ ಕಾರಿನ ಬಾನೆಟ್ಟಿನಡಿ ಬಿಎಂಸಿ ಪೆಟ್ರೋಲ್ ಇಂಜಿನ್ ಇತ್ತು, ಡೀಸೆಲ್ ಇತ್ತು, ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜು ಮೂಲದ 1.8 ಲೀಟರಿನ ಇಂಜಿನ್ನೂ ಬಂತು. ಈ ಕೊನೆಯದು ಮೆಟ್ರಿಕ್. ಪೆಟ್ರೋಲ್ ಇಂಜಿನ್ ಇಳಿಸಿ ಬೇರೆ ಗಾಡಿಯ ಡೀಸೆಲ್ ಇಂಜಿನ್ ಕೂರಿಸಿಕೊಂಡವರೂ ಇದ್ದಾರೆ. ಹಿಂದೆ ಯಾರೋ ತೂತಿಗೆ ಬೇರೆ ಟ್ಯಾಪ್ ಹೊಡೆದಿರಲೂಬಹುದು. ಆದ್ದರಿಂದ ಆರ್‌ಸಿ ಪುಸ್ತಕವನ್ನಲ್ಲ, ಆ ತೂತನ್ನೇ ಕೇಳಬೇಕು. ಗರಗಸದ ಹಲ್ಲಿನಂತಿರುವ ಥ್ರೆಡ್ ಗೇಜಿನ ಎಲೆಯನ್ನು ಹಳೆಯ ಸ್ಟಡ್ಡಿನ ಮೇಲಿಟ್ಟು ಬೆಳಕಿಗೆ ಹಿಡಿದರೆ, ನಡುವೆ ಬೆಳಕು ತೂರದ ಎಲೆಯೇ ಅದರ ಅಳತೆ. ಎರಡು ತುದಿಯನ್ನೂ ನೋಡಬೇಕು. ಹೆಡ್ಡಿನೊಳಗೆ ಹೋಗುವ ತುದಿಯ ಥ್ರೆಡ್ಡು ನಟ್ಟಿನ ಕಡೆಯದರಂತೆಯೇ ಇರಬೇಕೆಂದಿಲ್ಲ.

ಇನ್ನು ಬಿಸಿ. ಹೆಡ್ಡಿನ ಸುತ್ತ ನೀರು ಹರಿಯುವುದರಿಂದ ಅದು ನೂರು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದಕ್ಕೆ ಅಂಟಿಕೊಂಡ ಮ್ಯಾನಿಫೋಲ್ಡಿಗೆ ಆ ತಂಪಿಲ್ಲ. ನಲವತ್ತು ಸೆಂಟಿಮೀಟರ್ ಉದ್ದದ ಬೀಡು ಕಬ್ಬಿಣ ಪಕ್ಕದ ಹೆಡ್ಡಿಗಿಂತ ನಾನೂರು ಡಿಗ್ರಿ ಹೆಚ್ಚು ಕಾದರೆ, ಹೆಡ್ಡಿಗಿಂತ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಆರಿದಾಗ ಹಿಂದಕ್ಕೆ ಬರುತ್ತದೆ. ಮ್ಯಾನಿಫೋಲ್ಡಿನ ಫ್ಲಾಂಜಿನ ತೂತು ಸ್ಟಡ್ಡಿಗಿಂತ ದೊಡ್ಡದಿರುವುದೂ ವಾಷರ್ ದಪ್ಪಗಿರುವುದೂ ಇದಕ್ಕಾಗಿಯೇ. ಬಿಎಂಸಿ ಇಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಿಗಿವೆ, ಕೆಲವು ಸ್ಟಡ್ಡುಗಳ ಮೇಲಿನ ಒಂದೇ ದಪ್ಪ ವಾಷರ್ ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ತೆಳು ವಾಷರ್ ಹಾಕಿದರೆ ಅದು ಬಾಗಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಈ ಸ್ಟಡ್ಡಿನ ಕೆಲಸ ಬರೀ ಹಿಡಿಯುವುದಲ್ಲ, ಹಿಡಿದುಕೊಂಡೇ ಸರಿಯಗೊಡುವುದು. ಅಳತೆಯಷ್ಟೇ ಲೋಹವೂ ಮುಖ್ಯವಾಗುವುದು ಇಲ್ಲಿ.

ಹೆಚ್ಚು ಗಟ್ಟಿಯ ಬೋಲ್ಟು ಹಾಕಿದರೆ ಒಳ್ಳೆಯದಲ್ಲವೇ ಎಂಬುದು ಸಹಜ ಪ್ರಶ್ನೆ. ತಲೆಯ ಮೇಲೆ 12.9 ಎಂದು ಬರೆದ ಕರಿ ಬೋಲ್ಟು 8.8ಕ್ಕಿಂತ ಗಟ್ಟಿ, ನಿಜ. ಆದರೆ ಆ ಗಟ್ಟಿತನ ಬಂದದ್ದು ಕಾಯಿಸಿ ಅದ್ದಿ ಹದಮಾಡಿದ್ದರಿಂದ. ಹದಮಾಡಿದ ಬಿಸಿಯನ್ನೇ ಮ್ಯಾನಿಫೋಲ್ಡ್ ಮತ್ತೆ ಮತ್ತೆ ಕೊಟ್ಟರೆ ಆ ಗುಣ ಇಳಿಯುತ್ತದೆ. ಬೆಳ್ಳಗೆ ಹೊಳೆಯುವ ಸತುವಿನ ಲೇಪ 420 ಡಿಗ್ರಿಗೆ ಕರಗುತ್ತದೆ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ಎಂಬ ವಾದಕ್ಕೆ ತೂಕವಿದೆ, ಆದರೆ 304ರಂಥ ಸಾಮಾನ್ಯ ಸ್ಟೇನ್‌ಲೆಸ್ ಬೀಡು ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುವುದರಿಂದ ಕಾದಾಗ ಹಿಡಿತ ಸಡಿಲವಾಗುತ್ತದೆ, ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಥ್ರೆಡ್ಡಿಗೇ ಕಚ್ಚಿಕೊಳ್ಳುತ್ತದೆ. ಹಳೆಯ ಬ್ರಿಟಿಷ್ ಇಂಜಿನ್ನುಗಳಲ್ಲಿ ಉಕ್ಕಿನ ಸ್ಟಡ್ಡಿಗೆ ಹಿತ್ತಾಳೆಯ ನಟ್ಟು ಹಾಕುತ್ತಿದ್ದರಲ್ಲ, ಅದು ತುಂಬ ವಿವೇಕದ ಏರ್ಪಾಡು. ಹಿತ್ತಾಳೆ ತುಕ್ಕು ಹಿಡಿದು ಉಕ್ಕಿಗೆ ಅಂಟಿಕೊಳ್ಳುವುದಿಲ್ಲ; ಹೆಚ್ಚು ಬಲ ಬಿದ್ದರೆ ನಟ್ಟು ಕೆಡುತ್ತದೆ, ಸ್ಟಡ್ಡು ಉಳಿಯುತ್ತದೆ. ಸ್ಟಡ್ಡಿನ ಬದಲು ಬೋಲ್ಟು ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಬೋಲ್ಟನ್ನು ಬಿಚ್ಚಿ ಬಿಗಿದಷ್ಟು ಸಲ ಸವೆಯುವುದು ಹೆಡ್ಡಿನ ಥ್ರೆಡ್ಡೇ.

ಇಷ್ಟೆಲ್ಲ ಯಾಕೆ, ತೂತು ಕೊರೆದು ಎಂ8 ಟ್ಯಾಪ್ ಹೊಡೆದರೆ ಮುಂದೆ ಯಾವ ತೊಂದರೆಯೂ ಇಲ್ಲವಲ್ಲ ಎಂಬ ಆಕ್ಷೇಪಣೆಯೇ ಎಲ್ಲಕ್ಕಿಂತ ಬಲವಾದದ್ದು. ಹಳ್ಳಿಯಲ್ಲಿ ಕಾರು ನಿಂತರೆ ಕೆಲಸ ನಿಲ್ಲುತ್ತದೆ, ಮಾಲೀಕ ಅವಸರ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ 7.94ರ ತೂತಿಗೆ 8ರ ಟ್ಯಾಪ್ ಹೊಡೆದರೆ ಹಳೆಯ ಥ್ರೆಡ್ಡು ಪೂರ್ತಿ ಅಳಿಯುವುದಿಲ್ಲ. ಹಳೆಯದೂ ಹೊಸದೂ ಒಂದರ ಮೇಲೊಂದು ಬಿದ್ದು ಅರೆಬರೆ ಥ್ರೆಡ್ಡು ಉಳಿಯುತ್ತದೆ. ನೆಟ್ಟಗೆ ದೊಡ್ಡದು ಮಾಡಬೇಕೆಂದರೆ ನೀರಿನ ದಾರಿಯ ಹತ್ತಿರಕ್ಕೆ ಕೊರೆಯಬೇಕು. ಥ್ರೆಡ್ಡು ನಿಜವಾಗಿಯೂ ಹೋಗಿದ್ದರೆ ತಂತಿಸುರುಳಿಯ ಇನ್‌ಸರ್ಟ್ ಹಾಕಿಸಿ ಮೂಲ ಅಳತೆಗೇ ತರಬಹುದು, ಅದಕ್ಕೆ ನನ್ನ ತಕರಾರಿಲ್ಲ.

ಮೂಲ ಕಂಪನಿಯ ಸ್ಟಡ್ಡೇ ಬೇಕೆಂದು ಹಟ ಹಿಡಿಯುವವರ ಜೊತೆಗೂ ನಾನಿಲ್ಲ. ಅಳತೆ ಮತ್ತು ಲೋಹ ಗೊತ್ತಾದ ಮೇಲೆ ಅದನ್ನು ಯಾರು ಮಾಡಿದರೇನು? ರಾಣೇಬೆನ್ನೂರಿನಿಂದ ಹೆದ್ದಾರಿಯಲ್ಲಿ ಮುಂದಿರುವ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿ ಕೊಟ್ಟಿತು. ಆ ಕಾರ್ಖಾನೆ ಈಗಿಲ್ಲ, ಆದರೆ ಇಂಚಿನ ಥ್ರೆಡ್ಡು ಕೊರೆಯುವುದು ಒಳ್ಳೆಯ ಲೇತ್ ಕೆಲಸಗಾರನಿಗೆ ದೊಡ್ಡ ಮಾತಲ್ಲ. ಅವನಿಗೆ ಕೊಡಬೇಕಾದದ್ದು ಕಾರಿನ ಹೆಸರನ್ನಲ್ಲ: ಒಟ್ಟು ಉದ್ದ, ಎರಡೂ ತುದಿಯ ಥ್ರೆಡ್ಡು, ನಡುವಿನ ಬೋಳು ಭಾಗದ ಉದ್ದ, ಮತ್ತು ಲೋಹ ಇಎನ್ 19, ಹದಮಾಡಿದ್ದು. ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಈ ಉಕ್ಕು ಬಿಸಿಯಲ್ಲಿ ಸಾಮಾನ್ಯ ಉಕ್ಕಿಗಿಂತ ಚೆನ್ನಾಗಿ ಬಲ ಉಳಿಸಿಕೊಳ್ಳುತ್ತದೆ. ಒಂದು ಮುರಿದಿದ್ದರೂ ಇಡೀ ಸೆಟ್ಟನ್ನೇ ಮಾಡಿಸುವುದು ಲೇಸು. ಉಳಿದವೂ ಅಷ್ಟೇ ವರ್ಷ ಬೆಂದವು.